ಹಡಗಿನಲ್ಲಿ ಮೊದಲನೆಯ ದಿನ

ಲೋಕಾನುಭವ ಪಡೆದವನನ್ನು ಏಳು ಕೆರೆಯ ನೀರು ಕುಡಿದವನೆಂದು ನಮ್ಮ ಜನರು ಕರೆಯುವುದುಂಟು. ಏಳು ಕಡಲುಗಳನ್ನೇ ಸುತ್ತಿ ಬಂದವರನ್ನು ಏನೆಂದು ಕರೆಯಬೇಕೋ ನಾವರಿಯೆವು. ಅಂತಹವರ ಸಂಖ್ಯೆ ಈಗ ಅಲ್ಪವಲ್ಲ. ಹಡಗಿನ ಕಂಪೆನಿಗಳು ತಮ್ಮ ಹುಟ್ಟಿದ ವರ್ಷವನ್ನು ನೆನೆದು ಉತ್ಸವಯಾತ್ರೆಗಳನ್ನು ಹೊರಡಿಸಿದಾಗ ಇಂತಹ ಹಳಬರು ಎಲ್ಲೆಲ್ಲಿಂದಲೋ ಬಂದು ನೆರೆಯುವರು. ಆ ಯಾತ್ರೆಯ ಮೊದಲನೆಯ ದಿನವನ್ನು ಕುರಿತು ಈ ತಿಂಗಳು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಅಪೇಕ್ಷೆ.

೧೮೪೦ನೆಯ ಇಸವಿ ಜುಲೈ ೪ನೆಯ ತಾರೀಖು ಇಂಗ್ಲೆಂಡಿನ ಲಿವರ್‌ಪೂಲ್ ರೇವಿನಿಂದ ‘ಬ್ರಿಟಾನಿಯ’ ಎಂಬ ಹೊಗೆಹಡಗು ಅಮೆರಿಕಾ ಖಂಡಕ್ಕೆ ಹೊರಟಿತು. ಸರ್ಕಾರದ ಟಪ್ಪಾಲನ್ನು ನಿಯತಕಾಲಕ್ಕೆ ಸಾಗಿಸುವ ಕರಾರನ್ನು ಪಡೆದಿದ್ದ ಸ್ಯಾಮ್ಯುಯೆಲ್ ಕ್ಯೂನಾರ್ಡನು ತನ್ನ ಮಗಳೊಡನೆ ಆ ಹಡಗಿನಲ್ಲಿಯೇ ಇದ್ದನು. ಅದು ಮರದ ಹಡಗು. ಎರಡು ಪಕ್ಕಗಳಲ್ಲಿಯೂ ನೀರನ್ನು ತಳ್ಳುವ ಚಕ್ರಗಳು. ಉದ್ದ ೨೦೭ ಅಡಿ. ಹಾಲಿಗಾಗಿ ಒಂದು ಹಸುವನ್ನೂ ಏರಿಸಿಕೊಂಡಿದ್ದರೆಂದು ಹೇಳುವರು. ಎರಡು ವರ್ಷಗಳ ಅನಂತರ ಅದೇ ಹಡಗಿನಲ್ಲಿ ಪತ್ನೀಸಮೇತನಾಗಿ ಪಯಣಿಸಿದ ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ತನಗೆ ದೊರೆತ ಕೋಣೆಯ ಇಕ್ಕಟ್ಟನ್ನು ಕಂಡು ಬೆರಗಾಗಿ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ಚೆನ್ನಾಗಿ ಹಾಸ್ಯಮಾಡಿರುವನು.

ಇದಾದ ನೂರೆಪ್ಪತ್ತೈದು ವರ್ಷಗಳಿಗೆ, ೨೦೧೫ನೆಯ ಇಸವಿ ಜುಲೈ ೪ರಂದು, ಕ್ಯೂನಾರ್ಡ್ ಕಂಪೆನಿಯ ‘ಕ್ವೀನ್ ಮೇರಿ ೨’ ಎಂಬ ಹಡಗು ಅದೇ ಲಿವರ್‌ಪೂಲಿನಿಂದ ಹ್ಯಾಲಿಫ್ಯಾಕ್ಸ್, ಬಾಸ್ಟನ್ ಮಾರ್ಗವಾಗಿ ಹೊರಟು ಪೂರ್ವಿಕರ ದಾರಿಯನ್ನೇ ತುಳಿಯಿತು. ಇದರ ಉದ್ದ ೧,೧೩೨ ಅಡಿ. ಬ್ರಿಟಾನಿಯವು ನೂರ ಹದಿನೈದು ಜನ ಪ್ರಯಾಣಿಕರಿಗೆಂದು ಕಟ್ಟಿದ ಹಡಗಾದರೆ, ಇದರಲ್ಲಿ ಸುಮಾರು ಎರಡು ಸಾವಿರದ ಆರುನೂರು ಜನರಿಗೆ ಎಡೆಯುಂಟು. ಮೊದಲ ಯಾತ್ರೆಯ ಸಂತೋಷಕ್ಕೆಂದು ಬಾಸ್ಟನ್ನಿನ ಪೌರರು ಕ್ಯೂನಾರ್ಡನಿಗೆ ಕೊಟ್ಟ ಬೆಳ್ಳಿಯ ಪಾತ್ರೆಯನ್ನು ಈ ಹೊಸ ಹಡಗಿನಲ್ಲಿ ಕಾಣುವಂತೆ ಇರಿಸಿದ್ದಾರೆ.

ಇಂತಹ ಯಾತ್ರೆಯ ಮೊದಲ ದಿನ ಹಳಬರ ಜಾಣ್ಮೆಯನ್ನು ನೋಡಬೇಕು. ಹೊಸಬರು ಪೆಟ್ಟಿಗೆಗಳನ್ನೆಲ್ಲ ರೇವಿನಲ್ಲಿ ಆಳುಗಳಿಗೆ ಒಪ್ಪಿಸಿ ಬರಿಗೈಯಲ್ಲಿ ಏರಿ, ಅವು ಕೋಣೆಯ ಬಾಗಿಲಿಗೆ ಬರುವ ತನಕ ಉಟ್ಟ ಬಟ್ಟೆಯಲ್ಲಿಯೇ ಕಳವಳಿಸುವರು. ಹಳಬರಾದರೋ ಔಷಧಿ, ಕನ್ನಡಕ, ಕಾಗದಪತ್ರ, ಒಂದು ಜೊತೆ ಬಟ್ಟೆ ಇವನ್ನು ಕೈಚೀಲದಲ್ಲಿಯೇ ಇಟ್ಟುಕೊಂಡಿರುವರು. ಅಲೆಯ ತೂಗಾಟವು ಹಡಗಿನ ನಡುಭಾಗದಲ್ಲಿ, ಕೆಳಗಣ ಅಂತಸ್ತುಗಳಲ್ಲಿ ಕಡಮೆಯೆಂದು ಬಲ್ಲವರಾಗಿ ಅಂತಹ ಕೋಣೆಯನ್ನೇ ಮೊದಲೇ ಗೊತ್ತುಮಾಡಿಕೊಂಡಿರುವರು. ಪಡುವಣಕ್ಕೆ ಸಾಗುವ ಹಡಗಿನಲ್ಲಿ ಗಡಿಯಾರವನ್ನು ಒಂದೊಂದೇ ಗಂಟೆಯಂತೆ ಹಿಂದಕ್ಕೆ ತಿರುಗಿಸಬೇಕೆಂಬುದೂ, ಇಂಗ್ಲೆಂಡಿನಿಂದ ನ್ಯೂಯಾರ್ಕನ್ನು ಸೇರುವ ವೇಳೆಗೆ ಐದು ಗಂಟೆ ಲಾಭವಾಗುವುದೆಂಬುದೂ ಅವರಿಗೆ ಬಾಯಿಪಾಠ. ಹಳೆಯ ಪರಿಚಯದವರು ಸಿಕ್ಕಿದರಂತೂ ಮಾತಿಗೆ ಕೊನೆಯಿಲ್ಲ.

ಇಷ್ಟರಲ್ಲಿ ಏಳು ಗಿಡ್ಡ ಕೂಗುಗಳೂ ಒಂದು ನೀಳವಾದ ಕೂಗೂ ಕೇಳಿಬರುವುವು. ಅಪಾಯ ಬಂದರೆ ಯಾರು ಎಲ್ಲಿ ಕೂಡಬೇಕು, ತೇಲುಕವಚವನ್ನು ಹೇಗೆ ತೊಡಬೇಕು ಎಂಬುದನ್ನು ಕಲಿಸುವ ಕವಾಯತಿನ ಕರೆ ಅದು. ಅನೇಕ ಹಡಗುಗಳಲ್ಲಿ ಈಚೆಗೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸದೆ, ಕೋಣೆಯಲ್ಲಿಯೇ ಪಾಠವನ್ನು ನೋಡಿ, ಬಳಿಕ ತಮ್ಮ ಠಾವಿಗೆ ಹೋಗಿ ಹಾಜರಿ ಕೊಟ್ಟು ಬರುವ ಏರ್ಪಾಡಾಗಿದೆ. ಹೇಗಾದರೂ ಸರಿಯೆ, ಹಳಬರ ಮುಖದಲ್ಲಿ ಬೇಸರವು ಮೂಡುವುದು ಆಗಲೇ.

ಆ ಬೇಸರಕ್ಕೆ ನಮ್ಮ ಉತ್ತರ ಚರಿತ್ರೆಯಲ್ಲಿದೆ. ೧೯೧೨ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ‘ಟೈಟಾನಿಕ್’ ಮುಳುಗಿದಾಗ ಅದರಲ್ಲಿದ್ದವರು ಎರಡು ಸಾವಿರದ ಇನ್ನೂರಕ್ಕೆ ಮೇಲ್ಪಟ್ಟು. ಅದರ ಇಪ್ಪತ್ತು ದೋಣಿಗಳಲ್ಲಿ ಎಡೆಯಿದ್ದುದು ೧,೧೭೮ ಜನರಿಗೆ. ಆ ದೋಣಿಗಳಾದರೂ ತುಂಬಿದುವೆ? ಅರುವತ್ತೈದು ಜನ ಹಿಡಿಯುವ ಮೊದಲನೆಯ ದೋಣಿಯು ಅದರ ಅರ್ಧದಷ್ಟು ಜನರೂ ಇಲ್ಲದೆ ಇಳಿಯಿತು. ಸುಮಾರು ಒಂದೂವರೆ ಸಾವಿರ ಜನ ಮಡಿದರು. ಬದುಕುಳಿದ ಏಳುನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡುದು ಕ್ಯೂನಾರ್ಡ್ ಕಂಪೆನಿಯದೇ ಆದ ‘ಕಾರ್ಪೇಥಿಯ’ ಹಡಗು. ಈ ದುಃಖದಿಂದಲೇ ೧೯೧೪ರಲ್ಲಿ ಕಡಲಿನಲ್ಲಿ ಪ್ರಾಣರಕ್ಷಣೆಯನ್ನು ಕುರಿತ ಮೊದಲನೆಯ ಅಂತರರಾಷ್ಟ್ರೀಯ ಒಪ್ಪಂದವು ಲಂಡನ್ನಿನಲ್ಲಿ ಹುಟ್ಟಿತು.

ಅದು ಹಳೆಯ ಕಥೆಯೆನ್ನುವಿರಾ? ೨೦೧೨ನೆಯ ಇಸವಿ ಜನವರಿ ೧೩ರ ರಾತ್ರಿ ಇಟಲಿಯ ಕರಾವಳಿಯಲ್ಲಿ ‘ಕೋಸ್ಟ ಕಾನ್‌ಕಾರ್ಡಿಯ’ ಬಂಡೆಗೆ ತಾಗಿ ಒರಗಿತು. ಮೂವತ್ತೆರಡು ಜನ ಸತ್ತರು. ಕವಾಯತನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ನಡೆಸಿದರೆ ಸಾಕೆಂಬ ನಿಯಮ ಅಂದು ಇದ್ದುದರಿಂದ, ಆ ದಿನ ಸಂಜೆಯೇ ಹತ್ತಿದ್ದ ಸುಮಾರು ಏಳುನೂರು ಪ್ರಯಾಣಿಕರಿಗೆ ಅದು ಇನ್ನೂ ಆಗಿರಲಿಲ್ಲ. ಅವರಿಗೆ ಮೊದಲನೆಯ ದಿನವೇ ಪರೀಕ್ಷೆಯ ದಿನವಾಯಿತು. ಹಡಗು ಹೊರಡುವ ಮೊದಲೇ, ಅಥವಾ ಹೊರಟ ಕೂಡಲೇ, ಕವಾಯತು ಆಗಲೇಬೇಕೆಂಬ ನಿಯಮವು ೨೦೧೫ನೆಯ ಇಸವಿ ಜನವರಿ ೧ರಿಂದ ಜಾರಿಗೆ ಬಂದಿತು.

ಲಂಡನ್ನಿನಲ್ಲಿ ಬಹುಕಾಲದಿಂದ ನೆಲಸಿರುವ ನಮ್ಮ ಮಿತ್ರ ದಂಪತಿಗಳ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ವಿವಾಹವಾಗಿ ನಲವತ್ತು ವರ್ಷ ತುಂಬಿದ ನೆಪದಲ್ಲಿ ಅವರೂ ಇಂತಹದೊಂದು ಉತ್ಸವಯಾತ್ರೆಗೆ ಹೊರಟರು. ಯಜಮಾನರಿಗೆ ಅದು ಹದಿನೇಳನೆಯ ಕಡಲಯಾತ್ರೆ. ಅವರ ಮನೆಯವರಿಗೆ ಎರಡನೆಯದು. ಕವಾಯತಿಗೆ ಇಬ್ಬರೂ ಹೋದರು. ಆದರೆ ಯಜಮಾನರು ಹಳೆಯ ಸ್ನೇಹಿತರೊಬ್ಬರನ್ನು ಕಂಡು, ಬೆನ್ನು ತಿರುಗಿಸಿ, ಒಳ್ಳೆಯ ಕಾಫಿ ಯಾವ ಅಂತಸ್ತಿನಲ್ಲಿ ದೊರೆಯುವುದೆಂಬ ಚರ್ಚೆಯಲ್ಲಿ ಮುಳುಗಿದರು.

ರಾತ್ರಿ ಊಟಕ್ಕೆ ಕುಳಿತಾಗ ಆಕೆ, “ಕೂಗು ಕೇಳಿದರೆ ನಾವು ಹೋಗಬೇಕಾದ ಠಾವು ಯಾವುದು, ಹೇಳಿ ನೋಡೋಣ” ಎಂದರು.

“ಅದೇನು ಮಹಾ! ಮೂರನೆಯ ಅಂತಸ್ತು, ಎಡಗಡೆ, ನಾಟಕಶಾಲೆಯ ಪಕ್ಕ.”

“ಅದು ಹೋದ ವರ್ಷದ ಹಡಗು. ಇಲ್ಲಿ ಏಳನೆಯ ಅಂತಸ್ತು, ಬಲಗಡೆ.”

ಊಟ ಮುಗಿದ ಮೇಲೆ ಆಕೆ ಗಂಡನನ್ನು ಕೋಣೆಯ ಬಾಗಿಲಿಗೆ ಕರೆದೊಯ್ದು, ಅಲ್ಲಿಂದ ಮೆಟ್ಟಿಲಿನ ತನಕ ಬಾಗಿಲುಗಳನ್ನು ಎಣಿಸುತ್ತ, ಕಂಬಿಯ ಮೇಲೆ ಕೈಯಿಟ್ಟು ನಡೆಸಿದರಂತೆ. ದೀಪವಾರಿದರೂ ಕೈಗೆ ದಾರಿ ತಿಳಿದಿರಲಿ ಎಂದು. ನಮ್ಮ ಮಿತ್ರರು ಇದನ್ನು ನಗುತ್ತ ಹೇಳಿದರು. ಆ ತಾಯಿ ಮಾತ್ರ ನಗಲಿಲ್ಲ. “ರಾತ್ರಿ ಏನಾದರೂ ಆಗಿದ್ದರೆ ನಾನೇನು ಯೋಚಿಸುತ್ತಿದ್ದೆನೆ? ನಲವತ್ತು ವರ್ಷದಿಂದ ಹೋದ ಹಾಗೆ ಇವರ ಹಿಂದೆಯೇ ಹೋಗುತ್ತಿದ್ದೆ” ಎಂದರು. ನಮ್ಮ ಮಿತ್ರರ ನಗುವು ಅಲ್ಲಿಗೆ ನಿಂತಿತು.

ಅನುಭವಸ್ಥನ ಹಿಂದೆ ನಾಲ್ಕು ಜನ ನಡೆಯುವರು. ಆದುದರಿಂದಲೇ ಅವನ ಅಜಾಗ್ರತೆಯು ಅವನೊಬ್ಬನದಲ್ಲ. ಹೊಸಬನು ತಿಳಿಯದೆ ಕೇಳುವನು. ಹಳಬನು ತಿಳಿದಿದೆಯೆಂದು ಕೇಳದಿರುವನು. ಹಡಗಿಗೆ ಹೇಳಿದ ಈ ಮಾತು ನಮ್ಮ ಮನೆಗಳಿಗೂ ಸಲ್ಲುವುದು. ಹೊಸ ಬಾಡಿಗೆಮನೆಗೆ ಹೋದ ಮೊದಲ ದಿನ ವಿದ್ಯುತ್ತಿನ ಮುಖ್ಯ ಗುಂಡಿ ಎಲ್ಲಿದೆ, ಅಡಿಗೆಯ ಅನಿಲವನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮನೆಯ ಮಕ್ಕಳಾದಿಯಾಗಿ ಎಲ್ಲರೂ ನೋಡಿಟ್ಟುಕೊಂಡಿರುವರೆ? ನಮ್ಮ ವಾಚಕರು ಈ ಹೊತ್ತಿನ ರಾತ್ರಿಯೂಟದ ವೇಳೆಗೆ ಆ ತಾಯಿಯಂತೆ ಒಮ್ಮೆ ಕೇಳಿ ನೋಡಲಿ.