ಹುಸಿ ಎರೆಗೆ ಯಾವ ಪ್ಲಾಸ್ಟಿಕ್?

ವಿಜಯನಗರದ ನಮ್ಮ ಬೀದಿಯ ವಿದ್ಯಾರ್ಥಿಯೊಬ್ಬನು ಈಚೆಗೆ ನನ್ನಲ್ಲಿಗೆ ಬಂದು, "ಸರ್, ಹಳೆಯ ಚಪ್ಪಲಿಯನ್ನೂ ವಿದ್ಯುತ್ ತಂತಿಯ ಹೊದಿಕೆಯನ್ನೂ ಕರಗಿಸಿ ಅಚ್ಚಿಗೆ ಹೊಯ್ದರೆ ಗಾಳಕ್ಕೆ ಸಿಕ್ಕಿಸುವ ಮೆತ್ತನೆಯ ಹುಳುವಾಗುವುದೇ?" ಎಂದು ಕೇಳಿದನು. ಹುಡುಗನ ಕುತೂಹಲ ಮೆಚ್ಚತಕ್ಕದ್ದು. ಅವನು ಆರಿಸಿಕೊಂಡ ವಸ್ತು ಮಾತ್ರ ಮೆಚ್ಚತಕ್ಕದ್ದಲ್ಲ. ಅದೇಕೆಂಬುದನ್ನು ವಿಚಾರ ಮಾಡೋಣ.

ಎರೆಹುಳುವನ್ನು ಹೋಲುವ ಹುಸಿ ಎರೆಗಳನ್ನು ಬಹುಮಟ್ಟಿಗೆ ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿ.ವಿ.ಸಿ.ಯಿಂದ ಮಾಡುತ್ತಾರೆ. ನೀರಿನ ಕೊಳವೆಯೂ ಇದೇ ವಸ್ತುವಿನದು. ಕೊಳವೆ ಗಡುಸು, ಹುಳು ಮೆತ್ತಗೆ, ಈ ಅಂತರವೇಕೆ? ಶುದ್ಧ ಪಿ.ವಿ.ಸಿ. ಸುಮಾರು 80 ಡಿಗ್ರಿ ಸೆಂಟಿಗ್ರೇಡಿನವರೆಗೆ ಗಾಜಿನಂತೆ ಬಿಗಿಯಾಗಿರುತ್ತದೆ. ಅದರ ಉದ್ದನೆಯ ಅಣುಸರಪಣಿಗಳ ನಡುವೆ ಎಣ್ಣೆಯಂತಹ ದ್ರವವೊಂದನ್ನು ಸೇರಿಸಿದರೆ, ಸರಪಣಿಗಳು ಒಂದರ ಮೇಲೊಂದು ಜಾರಲಾರಂಭಿಸಿ ವಸ್ತು ಮೃದುವಾಗುತ್ತದೆ. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಎಂಬ ರಸಾಯನವಿಜ್ಞಾನಿ ಕಂಡುಕೊಂಡದ್ದು ಇದನ್ನೇ. ಈ ದ್ರವಕ್ಕೆ ಮಾರ್ದವಕಾರಿ ಎನ್ನಬಹುದು. ಎಂದಮೇಲೆ ಮೆದುತನವು ಪ್ಲಾಸ್ಟಿಕ್ಕಿನದಲ್ಲ, ಅದರೊಳಗಿನ ಎಣ್ಣೆಯದು.

ಈ ಎಣ್ಣೆಯು ಸರಪಣಿಗೆ ರಾಸಾಯನಿಕವಾಗಿ ಬೆಸೆದುಕೊಂಡಿಲ್ಲವಾದ್ದರಿಂದ ಮೆಲ್ಲನೆ ಹೊರಗೆ ಜಿನುಗುತ್ತದೆ. ಪಿ.ವಿ.ಸಿ. ಹುಳುಗಳನ್ನೂ ರಬ್ಬರಿನಂತೆ ಹಿಗ್ಗುವ ಟಿ.ಪಿ.ಇ. ಎಂಬ ಪ್ಲಾಸ್ಟಿಕ್ಕಿನ ಹುಳುಗಳನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಅವು ಕರಗಿ ಅಂಟುಮುದ್ದೆಯಾಗುವುದು ಇದಕ್ಕೆ ಸಾಕ್ಷಿ. ಥ್ಯಾಲೇಟ್ ಎಂಬ ಗುಂಪಿಗೆ ಸೇರಿದ ಕೆಲವು ಮಾರ್ದವಕಾರಿಗಳನ್ನು ಐರೋಪ್ಯ ಒಕ್ಕೂಟವು 2005ರಲ್ಲಿ ಮಕ್ಕಳ ಆಟಿಕೆಗಳಲ್ಲಿ ನಿರ್ಬಂಧಿಸಿತು. ಮಗುವಿನ ಬಾಯಿಗೆ ಸಲ್ಲದ್ದು ಮೀನಿನ ಬಾಯಿಗೆ ಸಲ್ಲುವುದೇ?

ಇನ್ನು ಕರಗಿಸುವ ಮಾತು. ಹುಸಿ ಎರೆಯ ಪಿ.ವಿ.ಸಿ. ದ್ರಾವಣವು ಸುಮಾರು 170 ಡಿಗ್ರಿಯಲ್ಲಿ ಹದಕ್ಕೆ ಬರುತ್ತದೆ. ಕಾವು ಮಿತಿಮೀರಿದರೆ ವಸ್ತುವೇ ಒಡೆದು, ಕಣ್ಣು ಶ್ವಾಸಕೋಶಗಳನ್ನು ಸುಡುವ ಹೈಡ್ರೊಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅಡುಗೆಮನೆಯ ಒಲೆಗೆ ಉಷ್ಣಮಾಪಕವಿಲ್ಲ. ಹಳೆಯ ತಂತಿಯ ಹೊದಿಕೆಯಲ್ಲಿ ಸೀಸದ ಸಂಯುಕ್ತಗಳೂ ಇರಬಹುದು. ಆದುದರಿಂದ ಗುಜರಿಯ ಪ್ಲಾಸ್ಟಿಕ್ಕನ್ನು ಮನೆಯಲ್ಲಿ ಕರಗಿಸಲೇಕೂಡದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಟಿ.ಪಿ.ಇ. ಒಳ್ಳೆಯದಲ್ಲವೇ? ಅದು ಸುಲಭವಾಗಿ ಹರಿಯದು. ಸಾಮಾನ್ಯವಾಗಿ ನೀರಿನಲ್ಲಿ ತೇಲುತ್ತದೆ. ಆದರೆ ಆ ಬಾಳಿಕೆಯೇ ಅದರ ದೋಷ. ದಾರ ತುಂಡಾಗಿ ಕಳೆದುಹೋದ ಹುಳು ಕೆರೆಯಲ್ಲಿ ಕೊಳೆಯುವುದಿಲ್ಲ. ನುಂಗಿದ ಮೀನಿನ ಹೊಟ್ಟೆಯಲ್ಲಿ ಅರಗುವುದೂ ಇಲ್ಲ. ನಮ್ಮ ಬಡಾವಣೆಗಳ ನೀರನ್ನು ಹೊತ್ತ ವೃಷಭಾವತಿಯು ಕೆಂಗೇರಿ, ಬೈರಮಂಗಲಗಳನ್ನು ದಾಟಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯ ಗೂನುಬೆನ್ನಿನ ಮಹಸೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಇಲ್ಲಿ ಚರಂಡಿಗೆ ಎಸೆದದ್ದು ಅದರ ಮನೆಯತ್ತಲೇ ಸಾಗುತ್ತದೆ.

ಅಚ್ಚು ಹೊಯ್ಯುವ ಆಸೆ ತೀರದವರು ಜೆಲಟಿನ್ನಿಗೆ ಗ್ಲಿಸರಿನ್ ಬೆರೆಸಿ ನೋಡಲಿ. ಇಲ್ಲಿ ಗ್ಲಿಸರಿನ್ನೇ ಮಾರ್ದವಕಾರಿ. ತತ್ತ್ವ ಅದೇ, ಅಪಾಯ ಅತ್ಯಲ್ಪ. ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಸಾಕು, ಕರಗುತ್ತದೆ. ಅದು ಬೇಗ ಹರಿಯುವುದೂ ನೀರಿನಲ್ಲಿ ಮೆತ್ತಗಾಗುವುದೂ ನಿಜ. ಆದರೆ ಕಳೆದುಹೋದರೆ ಕೊಳೆತು ಮಣ್ಣಾಗುತ್ತದೆ. ಅದು ದೋಷವಲ್ಲ, ಗುಣ. ಗ್ಲಿಸರಿನ್ನಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ ಮೆದುತನವನ್ನು ಅಳೆಯುವುದು ವಿದ್ಯಾರ್ಥಿಗಳಿಗೆ ಸೊಗಸಾದ ಪ್ರಯೋಗವೂ ಆದೀತು.

ಹಿಂದೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಸೀರನ್ನು ಹಿಡಿಯಲು ಬಂದವರು ಗಾಳಕ್ಕೆ ಸಿಕ್ಕಿಸುತ್ತಿದ್ದುದು ರಾಗಿಮುದ್ದೆಯನ್ನು! ವಸ್ತುವನ್ನು ಆರಿಸುವಾಗ ಅದು ಎಷ್ಟು ಮೆತ್ತಗಿದೆ ಎಂದು ಕೇಳುವುದು ಅರ್ಧ ವಿಜ್ಞಾನ. ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗಲೇ ವಿಜ್ಞಾನ ಪೂರ್ಣವಾಗುವುದು.