ಸೆಗ್ರಿಗೇಷನ್ ಎಂಬ ಮಾತು

ಇಂಗ್ಲಿಷಿನ ‘ಸೆಗ್ರಿಗೇಷನ್’ ಎಂಬ ಪದಕ್ಕೆ ನಾವು ವಿಂಗಡಣೆ, ಬೇರ್ಪಡಿಕೆ, ಪ್ರತ್ಯೇಕತೆ ಎಂದು ಮನಸ್ಸಿಗೆ ಬಂದಂತೆ ಬರೆಯುತ್ತೇವೆ. ಯಾವುದನ್ನು ಎಲ್ಲಿ ಬಳಸಬೇಕೆಂಬುದರಲ್ಲಿ ನ್ಯಾಯಾನ್ಯಾಯದ ವಿಚಾರವೂ ಅಡಗಿದೆಯೆಂದು ನನ್ನ ಅಭಿಪ್ರಾಯ.

ಪದದ ಮೂಲ ಲ್ಯಾಟಿನ್. ಆ ಭಾಷೆಯಲ್ಲಿ ‘ಗ್ರೆಕ್ಸ್’ ಎಂದರೆ ಹಿಂಡು. ಹಿಂಡಿನಿಂದ ಅಗಲಿಸುವುದೇ ಪದದ ಮೊದಲ ಅರ್ಥ. ಕಣದಲ್ಲಿ ಜೋಳ ತೂರಿ ಹೊಟ್ಟನ್ನು ಬೇರೆ ಮಾಡುವುದೂ, ಮನೆಯಲ್ಲಿ ಹಸಿಕಸ ಒಣಕಸಗಳನ್ನು ಎರಡು ಬುಟ್ಟಿಗೆ ಹಾಕುವುದೂ ಇದರಲ್ಲಿ ಸೇರುತ್ತವೆ. ಇಲ್ಲಿ ‘ವಿಂಗಡಣೆ’ ಸರಿಯಾದ ಮಾತು. ಕಾಳಿಗೂ ಕಸಕ್ಕೂ ಮಾನಾಪಮಾನಗಳಿಲ್ಲ.

ಮನುಷ್ಯರ ವಿಷಯ ಹಾಗಲ್ಲ. ಬಿಳಿಯರಿಗೂ ಕರಿಯರಿಗೂ ಏರ್ಪಾಡುಗಳು ಬೇರೆಯಾದರೂ ಸಮಾನವಾಗಿದ್ದರೆ ಸಾಕೆಂದು ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ ಒಪ್ಪಿತ್ತು. ಬೇರೆ ಮಾಡಿದ ಶಾಲೆಗಳು ಎಂದಿಗೂ ಸಮಾನವಾಗಲಾರವೆಂದು ಅದೇ ಕೋರ್ಟು 1954ರಲ್ಲಿ ತೀರ್ಪಿತ್ತಿತು. ದಕ್ಷಿಣ ಆಫ್ರಿಕದಲ್ಲಿ 1948ರಿಂದ ಸರ್ಕಾರದ ನೀತಿಯಾಗಿದ್ದ ‘ಅಪಾರ್ಥೈಡ್’ ಎಂಬುದಕ್ಕೆ ಬರಿಯ ‘ಬೇರೆತನ’ವೆಂದೇ ಅರ್ಥ. ಎಷ್ಟು ಸೌಮ್ಯವಾದ ಹೆಸರು!

ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಮಲ್ಲಟದ ಕಡೆಯ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಅದನ್ನು ಆಚರಿಸುವವರನ್ನು ಶಿಕ್ಷಿಸುವ ಕಾಯಿದೆ ಬಂದಿತು. ಕೇರಿ ಮಾತ್ರ ಇದ್ದಲ್ಲಿಯೇ ಇದೆ. ಇದನ್ನು ‘ಪ್ರತ್ಯೇಕತೆ’ ಎಂದರೆ ಕೇರಿಯವರು ತಾವಾಗಿಯೇ ದೂರ ಹೋಗಿ ನಿಂತರೆಂಬ ಧ್ವನಿ ಬರುತ್ತದೆ. ‘ಹೊರಗಿಡುವುದು’ ಎಂಬ ನಮ್ಮದೇ ಮಾತು ಇದೆಯಷ್ಟೆ? ಅದನ್ನು ನುಡಿದೊಡನೆ ಇಟ್ಟವರು ಯಾರೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಪ್ರಾಯಶಃ ಆ ಕಾರಣದಿಂದಲೇ ಬರೆಯುವವರು ಅದನ್ನು ಬಿಡುತ್ತಾರೆ.

ಮೀಸಲಾತಿಯೂ ಜನರನ್ನು ಬೇರೆಮಾಡುತ್ತದಲ್ಲವೇ ಎಂದು ಕೆಲವು ಮಿತ್ರರು ವಾದಿಸುವುದುಂಟು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯನ್ನು ಅವರು ನೆನೆಯಲಿ. ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ನಮ್ಮ ಭಾಗದವರಿಗೆ ಅದು ಸ್ಥಾನಗಳನ್ನು ಕಾದಿರಿಸಿದೆ; ಜಾತಿಭೇದವಿಲ್ಲದೆ ನಾವೆಲ್ಲರೂ ಅದರ ಫಲಭಾಗಿಗಳು. ಅದರಿಂದ ನಮ್ಮನ್ನು ಯಾರೋ ಹೊರಗಿಟ್ಟರೆಂದು ಒಬ್ಬರೂ ದೂರಿದ್ದಿಲ್ಲ. ಹಿಂದುಳಿದವರನ್ನು ಒಳಕ್ಕೆ ಕರೆಯುವುದಕ್ಕಾಗಿ ಗುರುತಿಸುವುದು ಒಂದು. ಒಳಗೆ ಬಾರದಂತೆ ಗುರುತಿಸುವುದು ಇನ್ನೊಂದು.

ಆದುದರಿಂದ ವಸ್ತುಗಳಿಗೆ ವಿಂಗಡಣೆ ಇರಲಿ. ಮನುಷ್ಯರ ಮಾತು ಬಂದಾಗ, ಬೇರೆ ಮಾಡಿದವರು ಯಾರು, ಅದರಿಂದ ಲಾಭ ಯಾರಿಗೆ ಎಂದು ಕೇಳಿ ಪದವನ್ನು ಆರಿಸೋಣ. ನಾಳೆ ಶಿಕ್ಷಕರೋ ಗುಮಾಸ್ತರೋ ಪತ್ರಕರ್ತರೋ ಆಗುವ ನಾವು ಬರೆಯುವ ಪದವನ್ನೇ ಹಳ್ಳಿಯ ಜನ ಓದುತ್ತಾರೆ.