ಮುಚ್ಚಿಡೂದು ನಂದೇನದ?

ಮಕ್ಕಳೇ, ಮುತ್ಯಾನ ಮೊಬೈಲಿಗೆ ಒಟಿಪಿ ಬಂದರೆ ಓದಿ ಹೇಳುವವರು ನೀವೇ ಅಲ್ಲವೇ? ಅಫಜಲಪುರವಿರಲಿ, ಜೇವರ್ಗಿಯಿರಲಿ, ಮನೆಮನೆಯ ಕಥೆ ಇದು. ಬೆಳೆವಿಮೆ, ಪಿಂಚಣಿ, ರೇಷನ್ ಕಾರ್ಡ್ ಅಂತ ಹಿರಿಯರು ಆಧಾರ್ ಪ್ರತಿ ಕೊಟ್ಟು ಬರುತ್ತಾರೆ, ಬಂದ ಒಟಿಪಿಯನ್ನು ನಾಲ್ಕು ಮಂದಿಗೆ ಕೇಳುವಂತೆ ಹೇಳುತ್ತಾರೆ. ತಡೆದರೆ, "ಮುಚ್ಚಿಡೂದು ನಂದೇನದ ತಮ್ಮಾ?" ಅನ್ನುತ್ತಾರೆ. ಅವರನ್ನೇ ದೂರಲಾಗದು ಬಿಡಿ. ಹಿಂದೆ ಸಾಲು ನಿಂತಿರುತ್ತದೆ, ಊರಿನ ಬಸ್ಸಿಗೆ ಹೊತ್ತಾಗಿರುತ್ತದೆ.

ಆದರೆ ಆ ಪ್ರಶ್ನೆಗೆ ಆಳಂದದಲ್ಲಿ ಒಂದು ಉತ್ತರವಿದೆ.

2023ರ ವಿಧಾನಸಭೆ ಚುನಾವಣೆಗೆ ಮುಂಚೆ, ಆಳಂದದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ತೀರಿಕೊಂಡವರ, ಊರು ಬಿಟ್ಟವರ ಹೆಸರು ತೆಗೆಸಲು ಅದೇ ಕ್ಷೇತ್ರದ ಇನ್ನೊಬ್ಬ ಮತದಾರರು ಹೀಗೆ ಅರ್ಜಿ ಹಾಕಬಹುದು. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರಿಗೆ ಅದರಲ್ಲಿ ತಮ್ಮ ಬಂಧುವಿನ ಹೆಸರೇ ಕಂಡಿತು. ಅರ್ಜಿ ಇದ್ದದ್ದು ನೆರೆಯವರ ಹೆಸರಿನಲ್ಲಿ. ಹೋಗಿ ಕೇಳಿದರೆ ಅವರಿಗೆ ಏನೂ ಗೊತ್ತಿಲ್ಲ! ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ, ಉಳಿದ 5,994 ತಪ್ಪು. 2023ರ ಫೆಬ್ರುವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. 2025ರಲ್ಲಿ ವಿಶೇಷ ತನಿಖಾ ತಂಡವೂ ರಚನೆಯಾಯಿತು.

ಇಲ್ಲಿ ಯಾರ ಗುಟ್ಟೂ ಹೊರಬಿದ್ದಿಲ್ಲ ನೋಡಿ. ಹೆಸರು ಊರಿಗೆಲ್ಲ ಗೊತ್ತಿದ್ದದ್ದೇ. ಆದರೂ ಒಬ್ಬರ ಹೆಸರು ಹಿಡಿದು ಇನ್ನೊಬ್ಬರ ಮತಕ್ಕೇ ಕೈಹಾಕಿದರು. ತೊಗರಿ ಹೊಲಕ್ಕೆ ದನ ನುಗ್ಗಿದರೆ ನಾವು ಬಡಿಗೆ ಹಿಡಿದು ಓಡುತ್ತೇವೆ, ಏಕೆಂದರೆ ದನ ಕಣ್ಣಿಗೆ ಬೀಳುತ್ತದೆ. ನಮ್ಮ ಹೆಸರು, ನಂಬರು ಎಲ್ಲಿ ಮೇಯುತ್ತಿವೆಯೋ ಕಾಣುವುದೇ ಇಲ್ಲ. ನಷ್ಟ ನೆರೆಮನೆಯದಾದರೆ ನಮಗೆ ಸುದ್ದಿಯೂ ಮುಟ್ಟದು.

ಹಿರಿಯರಿಗೆ ಇದೆಲ್ಲ ತಿಳಿಯದು ಎಂದು ನಗಬೇಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು.

ಈ ರವಿವಾರ ಮುತ್ಯಾ, ಆಯಿಯ ಜೊತೆ ಕೂತು ಒಂದು ಕೆಲಸ ಮಾಡಿ. 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಇಳಿಸಿ, ಎರಡು ಪ್ರತಿ ಮುದ್ರಿಸಿ ಅವರ ಚೀಲದಲ್ಲಿಡಿ. ಇನ್ನು ಒಟಿಪಿ ಬಂದಾಗ ಅಂಕಿಯನ್ನಷ್ಟೇ ಓದಬೇಡಿ, ಅದು ಯಾವ ಕೆಲಸಕ್ಕೆ ಬಂದಿದೆ ಎಂಬ ಸಾಲನ್ನು ಮೊದಲು ಓದಿ ಹೇಳಿ.